ಅರಮನೆಯ ಮಗ್ಗುಲಲ್ಲೊಂದು ನೆರಳಿನ ಪೇಟೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಕಡೆಯವರಿಗೆ ವ್ಯಾಪಾರವೆಂದೊಡನೆ ಕಣ್ಣಿಗೆ ಕಟ್ಟುವುದು ಸಂತೆ. ಬಯಲು, ನಾಲ್ಕು ಮರ, ನೆಲಕ್ಕೆ ಹಾಸಿದ ಗೋಣಿತಟ್ಟು, ಅದರ ಮೇಲೆ ರಾಶಿ ಹಾಕಿದ ಮೆಣಸಿನಕಾಯಿ ಇಲ್ಲವೆ ಈರುಳ್ಳಿ. ಬಿಸಿಲೇರಿದರೆ ಕೊಳ್ಳುವವನ ತಲೆಯ ಮೇಲೆ ರುಮಾಲು. ಮಳೆ ಬಂದರೆ ಮಾರುವವನೂ ಕೊಳ್ಳುವವನೂ ಒಟ್ಟಿಗೆ ಓಡಿ ಯಾರದಾದರೂ ಮನೆಯ ಜಗಲಿಯನ್ನು ಏರಬೇಕು. ನಮ್ಮ ಹಳೆಯ ಊರುಗಳಲ್ಲಿ ಪೇಟೆಗೆ ಇದ್ದ ಮೇಲ್ಛಾವಣಿ ಈ ಜಗಲಿಯ ಮಾಡು ಮಾತ್ರ. ಅದೂ ಮನೆಯೊಡೆಯನ ಸೌಜನ್ಯ, ದಾರಿಹೋಕನ ಹಕ್ಕಲ್ಲ.

ಅಂಗಡಿಗಳ ಸಾಲಿನ ಮುಂದೆ ಉದ್ದಕ್ಕೂ ಕಮಾನುಗಳನ್ನು ನಿಲ್ಲಿಸಿ, ಮೇಲೆ ತಾರಸಿ ಹೊದಿಸಿ, ಯಾರು ಬೇಕಾದರೂ ಯಾವ ಹೊತ್ತಿನಲ್ಲಿ ಬೇಕಾದರೂ ಬಿಸಿಲು ಮಳೆಗಳ ಹಂಗಿಲ್ಲದೆ ನಡೆಯಬಹುದಾದ ಕೈಸಾಲೆಯನ್ನು ಕಟ್ಟುವುದೆಂದರೆ ಈ ಸೌಜನ್ಯವನ್ನು ಹಕ್ಕಾಗಿ ಮಾಡಿದಂತೆ. ಮೈಸೂರಿನಲ್ಲಿ ಅಂಥದೊಂದು ಕಟ್ಟಡವನ್ನು 1892ರಲ್ಲಿ ಕಟ್ಟಿದರು. ಜಗನ್ಮೋಹನ ಅರಮನೆಯ ಸಮೀಪದಲ್ಲಿ ಎದ್ದು ನಿಂತ ಆ ಎರಡಂತಸ್ತಿನ ಅಂಗಡಿಸಾಲಿಗೆ ಲ್ಯಾನ್ಸ್‌ಡೌನ್ ಬಜಾರ್ ಎಂಬ ಹೆಸರಾಯಿತು. ಒಂದು ನೂರ ಇಪ್ಪತ್ತು ವರ್ಷ ಊರಿಗೆ ನೆರಳು ಕೊಟ್ಟು, 2012ರಲ್ಲಿ ನಾಲ್ವರ ಪ್ರಾಣವನ್ನು ತೆಗೆದುಕೊಂಡ ಆ ಕಟ್ಟಡದ ಕಥೆ ಇಲ್ಲಿದೆ.

ಅರಸನ ಬಾಗಿಲಲ್ಲಿ ಅಂಗಡಿ

ಅರಮನೆಗೂ ಅಂಗಡಿಗೂ ನಂಟು ಹಳೆಯದು. ಹಂಪೆಯ ಅರಮನೆಯ ಆವರಣಕ್ಕೆ ಸೇರಿದಂತೆ ಒಂದು ಎಲೆಅಡಕೆಯ ಬೀದಿಯಿತ್ತು. ಪಾನ್ ಸುಪಾರಿ ಬಜಾರ್ ಎಂದು ಇಂದು ಕರೆಯುವುದು ಅದನ್ನೇ. ಎರಡನೆಯ ದೇವರಾಯ ಆ ಬೀದಿಯಲ್ಲಿ ಪಾರ್ಶ್ವನಾಥನ ಬಸದಿಯನ್ನು ಕಟ್ಟಿಸಿದ್ದನ್ನು 1426ರ ಶಾಸನ ಹೇಳುತ್ತದೆ. ಅಡಕೆಯ ಸೀಮೆಯಾದ ಚನ್ನಗಿರಿಯವರಿಗೆ ಇದು ಹೆಮ್ಮೆಯ ಮಾತಾಗಬಹುದು: ಚಕ್ರವರ್ತಿಯ ಮನೆಬಾಗಿಲಿನ ಬೀದಿಗೆ ಚಿನ್ನದ ಹೆಸರನ್ನಿಡದೆ ಅಡಕೆಯ ಹೆಸರನ್ನು ಇಟ್ಟರು!

ಚನ್ನಗಿರಿ ತಾಲ್ಲೂಕಿನಲ್ಲಿಯೇ ಇರುವ ಸಂತೇಬೆನ್ನೂರಿನ ಹೆಸರಿನಲ್ಲಿ ಸಂತೆಯಿದೆ. ಪಾಳೆಯಗಾರರ ಕಾಲದಲ್ಲಿ ಅಲ್ಲಿ ಅರಮನೆಯೂ ಇತ್ತು. ಅರಮನೆ ಹೋಯಿತು. ಉಳಿದಿರುವುದು ಮೆಟ್ಟಿಲುಗಳ ಚೆಲುವಾದ ಹೊಂಡ, ನೀರಿನ ನಡುವಣ ವಸಂತಮಂಟಪ, ದಡದ ಮೇಲಿನ ಕಮಾನುಗಳ ಮುಸಾಫಿರಖಾನೆ. ನಾಯಕರ ಸಿಂಹಾಸನ ಇದ್ದ ಸ್ಥಳವನ್ನು ತೋರಿಸುವವರಿಲ್ಲ, ದಾರಿಗರ ನೆರಳೆಂದು ಹೆಸರಾದ ಕಟ್ಟಡ ಮಾತ್ರ ನಿಂತಿದೆ.

ಅರಮನೆಯ ಮಗ್ಗುಲಿನ ಕೈಸಾಲೆಗಳಲ್ಲಿ ಲೋಕಪ್ರಸಿದ್ಧವಾದುದು ಪ್ಯಾರಿಸ್ಸಿನ ಪಾಲೇ ರೊಯಾಲ್. ಆ ಅರಮನೆಯ ಒಡೆಯನಾದ ರಾಜವಂಶದ ಡ್ಯೂಕನು ಸಾಲದಲ್ಲಿ ಮುಳುಗಿದ್ದನು. ಅದರಿಂದ ಪಾರಾಗಲು 1780ರ ದಶಕದಲ್ಲಿ ತನ್ನ ತೋಟದ ಮೂರು ಪಕ್ಕಗಳಲ್ಲಿ ಕಮಾನುಸಾಲಿನ ಕಟ್ಟಡಗಳನ್ನು ಎಬ್ಬಿಸಿ, ಅಂಗಡಿಕಾರರಿಗೆ ಬಾಡಿಗೆಗೆ ಕೊಟ್ಟನು. ಕಾಫಿ ಮನೆಗಳು, ಪುಸ್ತಕದಂಗಡಿಗಳು, ಜೂಜುಕಟ್ಟೆಗಳು ಎಲ್ಲವೂ ಅಲ್ಲಿ ನೆರೆದುವು. ರಾಜವಂಶದವನ ಸ್ವಂತ ಭೂಮಿಯಾದುದರಿಂದ ಪೊಲೀಸರು ಹೇಳದೆ ಕೇಳದೆ ಒಳನುಗ್ಗುವಂತಿರಲಿಲ್ಲ. ಹೀಗಾಗಿ ಬಾಯಿಬಿಟ್ಟು ಮಾತನಾಡಲು ಆ ಊರಿನಲ್ಲಿ ಅದಕ್ಕಿಂತ ಒಳ್ಳೆಯ ಸ್ಥಳವಿರಲಿಲ್ಲ. 1789ರ ಜುಲೈ 12ರಂದು ಕಮೀಲ್ ದೆಮೂಲಾಂ ಎಂಬ ಯುವಕನು ಅಲ್ಲಿನ ಕಾಫಿ ಮನೆಯೊಂದರ ಮುಂದೆ ಮೇಜಿನ ಮೇಲೇರಿ ಜನರನ್ನು ಹುರಿದುಂಬಿಸಿದನು. ಎರಡು ದಿನಗಳ ಮೇಲೆ ಬಾಸ್ತೀಯ್ ಸೆರೆಮನೆ ಬಿದ್ದಿತು. ಬಾಡಿಗೆಯ ಆಸೆಗೆ ಕಟ್ಟಿದ ನೆರಳಿನಲ್ಲಿ ಅರಸೊತ್ತಿಗೆಯ ಪತನಕ್ಕೇ ಮುಹೂರ್ತವಾಯಿತೆಂದರೆ ಅತಿಶಯೋಕ್ತಿಯಾಗದು.

ಮೈಸೂರಿನಲ್ಲಿ ಅಂಥ ಗದ್ದಲವೇನೂ ನಡೆಯಲಿಲ್ಲ. ಇಲ್ಲಿನ ಅರಸರು ಸಾಲ ತೀರಿಸಲೆಂದೂ ಕಟ್ಟಿದುದಲ್ಲ.

ಇಬ್ಬರು ವೈಸರಾಯರು

ಐವತ್ತು ವರ್ಷಗಳ ಕಾಲ ಬ್ರಿಟಿಷ್ ಕಮಿಷನರರ ಕೈಯಲ್ಲಿದ್ದ ಮೈಸೂರು ರಾಜ್ಯ 1881ರಲ್ಲಿ ಅರಸುಮನೆತನಕ್ಕೆ ಹಿಂದಿರುಗಿತು. ಪಟ್ಟಕ್ಕೆ ಬಂದ ಹತ್ತನೆಯ ಚಾಮರಾಜೇಂದ್ರ ಒಡೆಯರು ಇನ್ನೂ ಹದಿನೆಂಟರ ತರುಣರು. ರಾಜಧಾನಿಯ ಅಂದಿನ ಸ್ಥಿತಿ ಹೆಸರಿಗೆ ತಕ್ಕದ್ದಾಗಿರಲಿಲ್ಲ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಕಾವೇರಿಯ ನೀರನ್ನು ಊರಿಗೆ ತರಲೆಂದು ಅಗೆಯಿಸಿ, ಕೈಗೂಡದೆ ಬಿಟ್ಟ ನಾಲೆ ಪಟ್ಟಣದ ನಡುವೆ ಬಾಯಿ ತೆರೆದುಕೊಂಡಿತ್ತು. ಕಾಲಕ್ರಮದಲ್ಲಿ ಅದು ಊರಿನ ಕೊಳಕೆಲ್ಲ ಸೇರುವ ಕಂದಕವಾಗಿತ್ತು. ಅದನ್ನು ಮುಚ್ಚಿ ಅಗಲವಾದ ಹಾದಿ ಮಾಡಿದ ಮೇಲೆ ಸಯ್ಯಾಜಿರಾವ್ ರಸ್ತೆಯ ಸುತ್ತಿನ ಪೇಟೆ ರೂಪುಗೊಂಡಿತು. ಬರೋಡೆಯ ದೊರೆಯ ಹೆಸರು ಆ ರಸ್ತೆಗೆ ಬಂತು. ದೇವರಾಜ ಮಾರುಕಟ್ಟೆ ಬೆಳೆದುದೂ ಇದೇ ಕಾಲದಲ್ಲಿ, ಅಲ್ಲಿಯೇ.

ಗಣ್ಯರು ಬಂದಾಗ ತೋರಣ ಕಟ್ಟಿ, ಹೋದ ಮೇಲೆ ಬಿಚ್ಚಿಡುವುದು ಎಲ್ಲ ಕಡೆಯ ವಾಡಿಕೆ. ಮೈಸೂರಿನವರು ಇದಕ್ಕಿಂತ ಜಾಣರು. 1886ರಲ್ಲಿ ವೈಸರಾಯ್ ಲಾರ್ಡ್ ಡಫರಿನ್ ಬಂದುಹೋದರು. ಅವರ ನೆನಪಿಗೆ ಮಾರುಕಟ್ಟೆಯ ಮುಂದೆ ಗಡಿಯಾರದ ಗೋಪುರ ನಿಂತಿತು. 1927ರಲ್ಲಿ ನಾಲ್ವಡಿಯವರ ಬೆಳ್ಳಿಹಬ್ಬಕ್ಕೆಂದು ದೊಡ್ಡಗಡಿಯಾರ ಬಂದ ಮೇಲೆ ಜನ ಇದನ್ನು ಚಿಕ್ಕಗಡಿಯಾರವೆಂದು ಕರೆದರು. ಡಫರಿನ್ನರ ಹೆಸರು ಹಿಂದಕ್ಕೆ ಸರಿಯಿತು. 1892ರಲ್ಲಿ ಲಾರ್ಡ್ ಲ್ಯಾನ್ಸ್‌ಡೌನ್ ಬಂದರು. ಅವರ ಭೇಟಿಯ ನೆನಪಿಗೆ ಅಂಗಡಿಗಳ ಈ ಕಮಾನುಸಾಲು. ಆಗ ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್. ಒಬ್ಬ ವೈಸರಾಯನಿಂದ ಊರಿಗೆ ಹೊತ್ತು ತಿಳಿಯಿತು, ಇನ್ನೊಬ್ಬನಿಂದ ನೆರಳು ದೊರೆಯಿತು. ಕಲ್ಲಿನ ಪ್ರತಿಮೆಯನ್ನು ನಿಲ್ಲಿಸಿದ್ದರೆ ಕಾಗೆಗಳಿಗಾದರೂ ಉಪಯೋಗವಾಗುತ್ತಿತ್ತು, ಅಷ್ಟೆ.

ಬಜಾರು ಎದ್ದಾಗ ಪಕ್ಕದ ಜಗನ್ಮೋಹನ ಅರಮನೆಗೆ ಮೂವತ್ತೊಂದು ವರ್ಷ ವಯಸ್ಸಾಗಿತ್ತು. ಅದನ್ನು 1861ರಲ್ಲಿ ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. ಕೋಟೆಯೊಳಗಿನ ದೊಡ್ಡ ಅರಮನೆಯೇ ರಾಜರ ವಾಸಸ್ಥಾನ; ಜಗನ್ಮೋಹನವೆಂದರೆ ಉತ್ಸವ, ವಿನೋದಗಳ ಮನೆ. ಆದರೆ ಐದೇ ವರ್ಷಗಳಲ್ಲಿ ಇದೆಲ್ಲವೂ ತಲೆಕೆಳಗಾಯಿತು. ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗಂಟಲಬೇನೆಯಿಂದ ತೀರಿಕೊಂಡರು. ಆಗ ಅವರಿಗೆ ಮೂವತ್ತೊಂದು ವರ್ಷ. ಹಿರಿಯ ಮಗ ಹತ್ತು ವರ್ಷದ ಬಾಲಕ. ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ರೀಜೆಂಟರಾಗಿ ಆಡಳಿತವನ್ನು ಹೊತ್ತರು. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿಯೇ ಮರದ ಹಳೆಯ ಅರಮನೆಗೆ ಬೆಂಕಿ ಬಿದ್ದಿತು. ರಾಜಮನೆತನ ಜಗನ್ಮೋಹನಕ್ಕೆ ಬಿಡಾರ ಬದಲಿಸಿತು. ಹೆನ್ರಿ ಇರ್ವಿನ್ನನ ನಕ್ಷೆಯಂತೆ ಹೊಸ ಅರಮನೆ ಮುಗಿದುದು 1912ರಲ್ಲಿ.

ಹೀಗೆ ಹದಿನೈದು ವರ್ಷಗಳ ಕಾಲ ಲ್ಯಾನ್ಸ್‌ಡೌನ್ ಬಜಾರು ಆಳುವ ಅರಸರ ನೆರೆಮನೆಯಾಗಿತ್ತು. 1902ರ ಆಗಸ್ಟ್ 8ರಂದು ಲಾರ್ಡ್ ಕರ್ಜನ್ನರ ಸಮ್ಮುಖದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಧಿಕಾರ ವಹಿಸಿಕೊಂಡುದು ಜಗನ್ಮೋಹನದಲ್ಲಿಯೇ. ದಸರೆಯ ದರ್ಬಾರೂ ಅಲ್ಲಿಯೇ. ಆ ಕಮಾನುಗಳ ಅಡಿಯಲ್ಲಿ ಅಂಗಡಿಯಿಟ್ಟವನು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ರಾಜವೈಭವದ ಸದ್ದನ್ನು ಕೇಳಬಹುದಾಗಿತ್ತು. 1908ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೈಸೂರಿಗೆ ಬಂದ ಮೇಲೆ ರಾತ್ರಿಯ ಪೇಟೆಯ ಚಹರೆಯೇ ಬದಲಾಯಿತು.

ರಾಜರು ಹೊಸ ಅರಮನೆಗೆ ಹೋದ ಮೇಲೆ, 1915ರಲ್ಲಿ ಜಗನ್ಮೋಹನ ಚಿತ್ರಶಾಲೆಯಾಯಿತು. ರವಿವರ್ಮನ ಚಿತ್ರಗಳನ್ನೂ, ದೀಪವನ್ನು ಅಂಗೈಯಿಂದ ಮರೆಮಾಡಿ ನಿಂತ ಹೆಣ್ಣಿನ ಹಲ್ದಂಕರರ ಚಿತ್ರವನ್ನೂ, ಪುಟ್ಟ ಬೊಂಬೆಗಳು ಹೊತ್ತು ಸಾರುವ ಫ್ರೆಂಚ್ ಗಡಿಯಾರವನ್ನೂ ನೋಡದೆ ಮೈಸೂರಿನಿಂದ ಮರಳಿದವರು ಅಪರೂಪ. ಅಲ್ಲಿಂದ ಹೊರಬಂದ ಸಂಸಾರಗಳು ಪೇಟೆಯ ಕಡೆಗೆ ನಡೆಯುವಾಗ ಸಿಕ್ಕುವುದು ಈ ಕಮಾನುಸಾಲು.

ನಮ್ಮ ಕಡೆಯವರಿಗೂ ಈ ದಾರಿ ಪರಿಚಿತವಾದುದು ಎರಡು ಕಾರಣಗಳಿಂದ. ದಿವಾನ್ ರಂಗಾಚಾರ್ಲು ಅವರು 1881ರಲ್ಲಿ ಆರಂಭಿಸಿದ ಪ್ರಜಾಪ್ರತಿನಿಧಿ ಸಭೆಗೆ ರಾಜ್ಯದ ತಾಲ್ಲೂಕುಗಳಿಂದ ರೈತರೂ ಜಿಲ್ಲೆಗಳಿಂದ ವರ್ತಕರೂ ದಸರೆಯ ಹೊತ್ತಿಗೆ ಮೈಸೂರಿಗೆ ಬರುತ್ತಿದ್ದರು. ಜಗನ್ಮೋಹನ ಅರಮನೆಯ ಸಭಾಂಗಣ ಈ ಸಭೆಯ ಅಧಿವೇಶನಗಳನ್ನೂ ಕಂಡಿದೆ. ಕೆರೆಯ ಹೂಳು, ಕಂದಾಯದ ಭಾರ, ರಸ್ತೆಯ ದುಃಸ್ಥಿತಿಗಳನ್ನು ದಿವಾನರ ಮುಂದೆ ಅರಿಕೆ ಮಾಡಿಕೊಂಡ ಶಿವಮೊಗ್ಗ, ಚಿತ್ರದುರ್ಗ ಜಿಲ್ಲೆಗಳ ಪ್ರತಿನಿಧಿಗೆ ಸಾಯಂಕಾಲ ಮನೆಯವರಿಗೊಂದು ಸಾಮಾನು ಕೊಳ್ಳಲು ದೂರ ಹೋಗಬೇಕಾಗಿರಲಿಲ್ಲ.

ಎರಡನೆಯದು ಪುಸ್ತಕ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ಪದವಿ ಪಡೆಯಬೇಕೆಂಬ ಹುಡುಗನು ಮೈಸೂರಿಗೋ ಬೆಂಗಳೂರಿಗೋ ಹೋಗಲೇಬೇಕು. ಮೊದಮೊದಲ ಘಟಿಕೋತ್ಸವಗಳೂ ಜಗನ್ಮೋಹನದಲ್ಲಿಯೇ ನಡೆದುವು. ಲ್ಯಾನ್ಸ್‌ಡೌನ್ ಕಟ್ಟಡದ ಹಳೆಯ ಪುಸ್ತಕಗಳ ಅಂಗಡಿಗಳು ವಿದ್ಯಾರ್ಥಿಗಳಿಗೆ ತವರುಮನೆಯಂತಿದ್ದುವು. ಹೊಸ ಪುಸ್ತಕಕ್ಕೆ ದುಡ್ಡಿಲ್ಲದವನು ಜೂನ್ ತಿಂಗಳಲ್ಲಿ ಅಲ್ಲಿ ಕೊಳ್ಳುವನು; ಪರೀಕ್ಷೆ ಮುಗಿದೊಡನೆ ಅಲ್ಲಿಯೇ ಮಾರಿ ಊರಿನ ರೈಲುಚಾರ್ಜಿಗೆ ಹಣ ಹೊಂದಿಸುವನು. ಮೊದಲ ಹಾಳೆಯಲ್ಲಿ ಹಿಂದಿನ ಒಡೆಯನ ಹೆಸರು, ಅದನ್ನು ಹೊಡೆದುಹಾಕಿ ಅದರ ಹಿಂದಿನವನ ಹೆಸರು. ಅಂಚಿನಲ್ಲಿ ಪೆನ್ಸಿಲಿನ ಟಿಪ್ಪಣಿ. ಕೊಳ್ಳದೆ ನಿಂತು ಓದುವವನನ್ನು ಗದರಿಸಬೇಕೋ ಬೇಡವೋ ಎಂಬುದು ಆಯಾ ಅಂಗಡಿಯವನ ಸ್ವಭಾವಕ್ಕೆ ಬಿಟ್ಟದ್ದು. ಆದರೆ ಕೈಸಾಲೆಯಲ್ಲಿ ನಿಂತವನನ್ನು ಮಳೆಯಂತೂ ಓಡಿಸಲಾರದು. ಅರಮನೆಯಿಂದ ಊರಿಗೆ ಬಂದ ದಾನಗಳಲ್ಲಿ ಈ ಬಿಟ್ಟಿ ಓದನ್ನೂ ಸೇರಿಸಬೇಕೆಂದು ನನಗೆ ತೋರುತ್ತದೆ.

ಸುಣ್ಣ, ಇಟ್ಟಿಗೆ, ನೀರು

ಇಂಥ ಕಟ್ಟಡಗಳ ಆಯುಷ್ಯದ ಗುಟ್ಟು ತಿಳಿಯಬೇಕಾದರೆ ಅವುಗಳ ಮೈಕಟ್ಟನ್ನು ಅರಿಯಬೇಕು. ಆ ಕಾಲದ ಗೋಡೆ ಇಟ್ಟಿಗೆ ಮತ್ತು ಸುಣ್ಣದ ಗಾರೆಯದು. ಸಿಮೆಂಟಿಲ್ಲ, ಕಬ್ಬಿಣದ ಸರಳುಗಳ ಕಾಂಕ್ರೀಟಿಲ್ಲ. ಮೇಲ್ಛಾವಣಿ ಮದ್ರಾಸ್ ತಾರಸಿಯೆಂಬ ಬಗೆಯದು. ಮರದ ತೊಲೆಗಳ ಮೇಲೆ ಒತ್ತೊತ್ತಾಗಿ ಜಂತೆಗಳು. ಅವುಗಳ ಮೇಲೆ ಅಡ್ಡಲಾಗಿ, ಅಂಚಿನ ಮೇಲೆ ನಿಲ್ಲಿಸಿ ಸುಣ್ಣದಲ್ಲಿ ಕೂರಿಸಿದ ತೆಳು ಇಟ್ಟಿಗೆಗಳು. ಅದರ ಮೇಲೆ ಇಟ್ಟಿಗೆ ಚೂರು ಸುಣ್ಣ ಬೆರೆಸಿದ ಹೊದಿಕೆ. ಈ ಹೊದಿಕೆಯನ್ನು ಹೆಂಗಸರು ಸಾಲಾಗಿ ಕುಳಿತು ಮರದ ಕೊಡತಿಗಳಿಂದ ದಿನಗಟ್ಟಲೆ ಬಡಿಯುವರು. ಅಳಲೆಕಾಯಿಯನ್ನೂ ಬೆಲ್ಲವನ್ನೂ ನೆನೆಹಾಕಿದ ನೀರನ್ನು ಚಿಮುಕಿಸುತ್ತ, ಕೊಡತಿ ಪುಟಿದೇಳುವಷ್ಟು ಗಟ್ಟಿಯಾಗುವ ತನಕ ಬಡಿತ ನಿಲ್ಲದು. ಕೊನೆಗೆ ಚಪ್ಪಟೆ ಬಿಲ್ಲೆಗಳನ್ನು ಹಾಸಿ ಮುಗಿಸುವರು.

ಸುಣ್ಣದ ಗೋಡೆಗೆ ಒಂದು ಗುಣವುಂಟು: ಅದು ಉಸಿರಾಡುತ್ತದೆ. ಒಳಹೊಕ್ಕ ತೇವ ಮತ್ತೆ ಹೊರಗೆ ಹೋಗುತ್ತದೆ. ಅದರ ಶತ್ರು ವಯಸ್ಸಲ್ಲ, ನಿಂತ ನೀರು. ಮಳೆಗಾಲಕ್ಕೆ ಮೊದಲು ತಾರಸಿಯ ಕಸ ಗುಡಿಸಿ, ನೀರು ಹೋಗುವ ಬಾಯಿಗಳನ್ನು ತೆರವು ಮಾಡಿ, ಬಿರುಕುಗಳಿಗೆ ಸುಣ್ಣ ತುಂಬಿ, ಹಕ್ಕಿ ಬೀಳಿಸಿದ ಬೀಜದಿಂದ ಮೊಳೆತ ಅರಳಿಯ ಸಸಿಯನ್ನು ಕಿತ್ತೆಸೆದರೆ ಅದು ಮೊಮ್ಮಕ್ಕಳ ಕಾಲಕ್ಕೂ ನಿಂತೀತು. ಬಿಟ್ಟರೆ ಅರಳಿಯ ಬೇರು ಗಾರೆಯ ಸಂದಿಯಲ್ಲಿ ಇಳಿದು ಗೋಡೆಯನ್ನು ಸೀಳುತ್ತದೆ; ಜಂತೆಯ ತುದಿ ಗೋಡೆಯೊಳಗೆ ಯಾರಿಗೂ ಕಾಣದಂತೆ ಕುಂಬಾಗುತ್ತದೆ. ಅದರ ಮೇಲೆ ಸಿಮೆಂಟು ಮೆತ್ತುವುದು ಇನ್ನೊಂದು ತಪ್ಪು. ಒಳಗಿನ ತೇವಕ್ಕೆ ಹೊರದಾರಿಯನ್ನೇ ಮುಚ್ಚಿದಂತೆ. ಅಂಗಡಿಗಳ ಕಟ್ಟಡದಲ್ಲಿ ತೊಡಕು ಇನ್ನೂ ಹೆಚ್ಚು. ಬಾಡಿಗೆದಾರನು ತನ್ನ ನಾಲ್ಕು ಗೋಡೆಗಳನ್ನು ನೋಡಿಕೊಂಡಾನು, ಎಲ್ಲರಿಗೂ ಸೇರಿದ ತಾರಸಿಯನ್ನು ಯಾರು ಹತ್ತಬೇಕು? ಬಾಡಿಗೆ ಅಲ್ಪವೆಂದು ಒಡೆಯನು ರಿಪೇರಿ ಮಾಡಿಸನು. ರಿಪೇರಿಯಿಲ್ಲವೆಂದು ಬಾಡಿಗೆದಾರನು ಹೆಚ್ಚು ಕೊಡನು. ಒಂದೂರಿನ ಕಥೆಯಲ್ಲ ಇದು.

ಶನಿವಾರದ ದುರಂತ

2012ರ ಆಗಸ್ಟ್ 25, ಶನಿವಾರ. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಬಿದ್ದಿತು. ನಾಲ್ವರು ಸತ್ತರು. ಅಂಗಡಿಯವರನ್ನು ಅಲ್ಲಿಂದ ತೆರವು ಮಾಡಿಸಲಾಯಿತು. ಎಷ್ಟೋ ಮನೆಗಳ ಅನ್ನದ ಬಟ್ಟಲು ಒಂದೇ ದಿನ ಬೀದಿಗೆ ಬಿದ್ದಿತು. ಕಟ್ಟಡವನ್ನು ಜೀರ್ಣೋದ್ಧಾರ ಮಾಡುವ ಕೆಲಸಕ್ಕೆ ಕೈಹಾಕಿ ನಡುವೆಯೇ ನಿಲ್ಲಿಸಿದರು. ನಾಲ್ಕು ವರ್ಷಗಳ ಮೇಲೆ, 2016ರ ಆಗಸ್ಟ್ 28ರ ಭಾನುವಾರ, ರಿಪೇರಿ ನಡೆಯುತ್ತಿದ್ದಾಗಲೇ ದೇವರಾಜ ಮಾರುಕಟ್ಟೆಯ ಉತ್ತರ ಬಾಗಿಲಿನ ಕಡೆಯ ಭಾಗ ಉರುಳಿತು. ಅಲ್ಲಿ ಪ್ರಾಣಹಾನಿಯಾಗಲಿಲ್ಲ.

ಆ ಬಳಿಕ ಎರಡೂ ಕಟ್ಟಡಗಳ ಬಗೆಗೆ ವಾದವೆದ್ದಿತು. ಇಟ್ಟಿಗೆ ಗಾರೆಗಳ ಸತ್ತ್ವ ಮುಗಿದಿದೆ, ಕೆಡವಿ ಹಳೆಯ ಚಹರೆಯಲ್ಲಿಯೇ ಹೊಸದನ್ನು ಕಟ್ಟಬೇಕು ಎಂದು ಒಂದು ಪಕ್ಷ. ಸುಣ್ಣದ ಕಟ್ಟಡವನ್ನು ಸುಣ್ಣದಿಂದಲೇ ಸರಿಪಡಿಸಬಹುದು, ಬಿದ್ದ ಭಾಗವನ್ನು ಮತ್ತೆ ಕಟ್ಟಿ ಉಳಿದುದನ್ನು ಉಳಿಸಬೇಕು ಎಂದು ಇನ್ನೊಂದು ಪಕ್ಷ. ಪರಂಪರೆಯ ತಜ್ಞರಲ್ಲಿ ಅನೇಕರೂ, ರಾಜಮನೆತನದ ಪ್ರಮೋದಾದೇವಿ ಒಡೆಯರ್ ಅವರೂ ಎರಡನೆಯ ಪಕ್ಷದಲ್ಲಿ ನಿಂತರು. ಸಮಿತಿಗಳು ವರದಿ ಕೊಟ್ಟುವು, ವರದಿಗೆ ಪ್ರತಿವರದಿ ಬಂದಿತು. ವ್ಯಾಜ್ಯ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಕೆಡವಿ ಹಿಂದಿನ ಮಾದರಿಯಲ್ಲಿಯೇ ಕಟ್ಟುವ ನಿರ್ಧಾರವನ್ನು ನ್ಯಾಯಾಲಯವು 2023ರಲ್ಲಿ ಎತ್ತಿಹಿಡಿಯಿತು.

ಸತ್ತ ನಾಲ್ವರನ್ನು ಮರೆತು ಕಮಾನುಗಳಿಗಾಗಿ ಕಣ್ಣೀರಿಡುವುದು ಸಲ್ಲದು. ಮನುಷ್ಯನ ತಲೆಯ ಮೇಲೆ ಬೀಳುವ ನೆರಳು ನೆರಳೇ ಅಲ್ಲ. ಆದರೂ ಒಂದು ಪ್ರಶ್ನೆಯನ್ನು ಕೇಳದಿರಲಾರೆ. ಅದೇ ಪಟ್ಟಣದಲ್ಲಿ, ಅದೇ ಕಾಲದ ಸುಣ್ಣದ ಕಟ್ಟಡಗಳು ಎಷ್ಟೋ ನಿಂತಿವೆ. ವರ್ಷಂಪ್ರತಿ ತಾರಸಿ ಹತ್ತಿ ನೋಡುವವರಿದ್ದ ಕಡೆ ಅವು ಗಟ್ಟಿಯಾಗಿವೆ. ವಯಸ್ಸನ್ನು ದೂರುವುದು ಸುಲಭ, ಏಕೆಂದರೆ ವಯಸ್ಸು ಉತ್ತರ ಕೊಡುವುದಿಲ್ಲ.

ಹಳೆಯ ಮಾದರಿಯಲ್ಲಿ ಹೊಸದು ಎಂಬ ಮಾತಿನಲ್ಲಿಯೂ ಎಚ್ಚರ ಬೇಕು. ಪಾಲೇ ರೊಯಾಲಿನಲ್ಲಿ ಗಾಜಿನ ಮಾಡಿನ ಓರ್ಲೆಯಾಂ ಸಾಲು 1829ರ ಸುಮಾರಿಗೆ ಎದ್ದು, ಲೋಕದ ಕಣ್ಣಿಗೆ ಹಬ್ಬವಾಗಿತ್ತು. 1930ರ ದಶಕದಲ್ಲಿ ಅದನ್ನು ಕೆಡವಿದಾಗ ಕಂಬಗಳನ್ನು ಮಾತ್ರ ಉಳಿಸಿದರು. ಕಂಬಗಳು ಚೆನ್ನಾಗಿವೆ, ಅವುಗಳ ನಡುವೆ ಹಾಯುವವನ ನೆತ್ತಿಯ ಮೇಲೆ ಮಳೆ ಸುರಿಯುತ್ತದೆ.

ಮೈಸೂರಿನ ಹೊಸ ನಕ್ಷೆಯನ್ನು ನೋಡುವವರು ಮುಖಭಾಗದ ಕಮಾನು, ಬಣ್ಣಗಳನ್ನು ಆಮೇಲೆ ನೋಡಲಿ. ಮೊದಲು ನೋಡಬೇಕಾದುದು ಕೈಸಾಲೆಯ ಅಗಲ. ಒಬ್ಬ ಪುಸ್ತಕ ಹಿಡಿದು ನಿಂತಿದ್ದಾಗ ಇನ್ನಿಬ್ಬರು ಅವನನ್ನು ತಳ್ಳದೆ ಹಾದುಹೋಗುವಷ್ಟು ಸ್ಥಳವಿದೆಯೆ, ಅಂಗಡಿಗಳು ಮುಂದೊತ್ತಿ ಬಂದು ಅದನ್ನು ನುಂಗದಂತೆ ಕಟ್ಟಳೆಯಿದೆಯೆ, ಮಳೆಗಾಲಕ್ಕೆ ಮೊದಲು ತಾರಸಿ ಹತ್ತುವವರು ಯಾರೆಂದು ಬರೆದಿಟ್ಟಿದ್ದಾರೆಯೆ, 2012ರಲ್ಲಿ ಹೊರಬಿದ್ದ ಅಂಗಡಿಯವರಿಗೆ ಅವರು ಕೊಡಬಲ್ಲ ಬಾಡಿಗೆಗೆ ಮರಳಿ ಮಳಿಗೆ ಸಿಕ್ಕುವುದೆ ಎಂಬುದನ್ನು ಕಾಗದದ ಮೇಲೆ ಖಚಿತಪಡಿಸಿಕೊಳ್ಳಲಿ.